ಸಣ್ಣ ಕಂಪನಿಯ ಸರ್ವರ್‌ಗೆ ಎಂಟರ್‌ಪ್ರೈಸ್ ಲಿನಕ್ಸ್: ಆಯ್ಕೆಯಿಂದ ಅಪ್‌ಗ್ರೇಡ್‌ವರೆಗೆ

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಇರುವ, ಇಪ್ಪತ್ತೈದು ಮೂವತ್ತು ಜನ ಕೆಲಸ ಮಾಡುವ ಒಂದು ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಎಲ್ಲರೂ ಬಳಸುವ ಒಂದು ಫೈಲ್ ಸರ್ವರ್ ಬೇಕು, ಒಂದು ಡೇಟಾಬೇಸ್ ಬೇಕು, ದಾಸ್ತಾನು ಮತ್ತು ಆರ್ಡರ್‌ಗಳನ್ನು ನೋಡಿಕೊಳ್ಳುವ ಇಆರ್‌ಪಿ ಓಡಬೇಕು. ಇಷ್ಟಕ್ಕೆ ಲಿನಕ್ಸ್ ಸಾಕೇ ಎಂಬ ಚರ್ಚೆಯನ್ನು ಮತ್ತೆ ಎತ್ತುವ ಅಗತ್ಯವಿಲ್ಲ. ಬ್ಯಾಂಕುಗಳೂ ಷೇರುಪೇಟೆಗಳೂ ಅದರ ಮೇಲೆ ನಡೆಯುತ್ತಿವೆ. ಬೆಂಗಳೂರಿನ ಝೀರೋಧಾ ತನ್ನ ವ್ಯವಸ್ಥೆಯ ಬಹುಪಾಲನ್ನು ಮುಕ್ತ ತಂತ್ರಾಂಶದ ಮೇಲೆ ಕಟ್ಟಿರುವುದಾಗಿ ಬಹಿರಂಗವಾಗಿಯೇ ಹೇಳಿಕೊಂಡಿದೆ. ಸಣ್ಣ ಕಂಪನಿಗಳು ಎಡವುವುದು ಬೇರೆ ಕಡೆ. 'ಪುಕ್ಕಟೆ ಸಿಗುತ್ತದೆ' ಎಂಬ ಒಂದೇ ಕಾರಣಕ್ಕೆ ಹಾಕಿಸಿಕೊಂಡು, ಅದು ಎಷ್ಟು ವರ್ಷ ನಡೆಯುತ್ತದೆ, ಕೆಟ್ಟರೆ ಯಾರು ಬರುತ್ತಾರೆ ಎಂದು ಕೇಳುವುದನ್ನೇ ಮರೆಯುತ್ತಾರೆ.

ಮೊದಲು ಕ್ಯಾಲೆಂಡರ್ ನೋಡಿ

ಕಾರ್ಯಾಚರಣ ವ್ಯವಸ್ಥೆಯ ಸೌಲಭ್ಯಗಳ ಪಟ್ಟಿಗಿಂತ ಮುಂಚೆ ಅದರ ಕೊನೆಯ ದಿನಾಂಕವನ್ನು ಓದಿ. ಇದು ಏಕೆ ಮುಖ್ಯ ಎಂಬುದಕ್ಕೆ ಸೆಂಟ್‌ಓಎಸ್ ಕಥೆ ಸಾಕು. ಕಂಪನಿಗಳಿಗೆಂದೇ ಚಂದಾ ಮೇಲೆ ಸಿಗುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ ತದ್ರೂಪವಾಗಿ, ಹಣವಿಲ್ಲದೆ ಸಿಗುತ್ತಿದ್ದ ಸೆಂಟ್‌ಓಎಸ್ ನಮ್ಮಲ್ಲಿ ಅರ್ಧ ಊರಿನ ಸರ್ವರ್‌ಗಳಲ್ಲಿ ಕೂತಿತ್ತು. ಅದರ 8ನೇ ಆವೃತ್ತಿ 2019ರ ಸೆಪ್ಟೆಂಬರ್‌ನಲ್ಲಿ ಬಂತು. 2029ರವರೆಗೆ ನಿಶ್ಚಿಂತೆ ಎಂದು ಎಲ್ಲರೂ ಭಾವಿಸಿದ್ದರು. 2020ರ ಡಿಸೆಂಬರ್‌ನಲ್ಲಿ ಹೊರಬಿದ್ದ ಒಂದು ಪ್ರಕಟಣೆ, 8ನೇ ಆವೃತ್ತಿಗೆ 2021ರ ಡಿಸೆಂಬರ್ 31ಕ್ಕೇ ತೆರೆ ಬೀಳುತ್ತದೆ ಎಂದಿತು. ಹಳೆಯ 7ನೇ ಆವೃತ್ತಿಯೇ ಅದಕ್ಕಿಂತ ಹೆಚ್ಚು ಬಾಳಿ, 2024ರ ಜೂನ್ 30ಕ್ಕೆ ಮುಗಿಯಿತು. ಈಗಲೂ ಅದೇ 7ನೇ ಆವೃತ್ತಿಯನ್ನು ಓಡಿಸುತ್ತಿರುವ ಕಚೇರಿಗಳಿವೆ. ನಿಮ್ಮದೂ ಅವುಗಳಲ್ಲಿ ಒಂದಾಗಿದ್ದರೆ, ಹೊಸ ಭದ್ರತಾ ಪ್ಯಾಚ್ ಒಂದೂ ಬಾರದ ಯಂತ್ರದ ಮೇಲೆ ಕಂಪನಿಯ ಲೆಕ್ಕಪತ್ರ ಕೂತಿದೆ.

ರೆಡ್ ಹ್ಯಾಟ್ ತನ್ನ ಪ್ರತಿ ಪ್ರಮುಖ ಆವೃತ್ತಿಗೂ ಹತ್ತು ವರ್ಷ ಪ್ಯಾಚ್ ಕೊಡುತ್ತದೆ. 2022ರ ಮೇ ತಿಂಗಳಲ್ಲಿ ಬಂದ 9ನೇ ಆವೃತ್ತಿ 2032ರ ಮೇವರೆಗೆ, 2025ರ ಮೇ ತಿಂಗಳಲ್ಲಿ ಬಂದ 10ನೆಯದು 2035ರವರೆಗೆ. ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತವೆ, ಐದು ವರ್ಷ ಬಾಳುತ್ತವೆ. ಉಬುಂಟು ಪ್ರೊ ಚಂದಾ ಪಡೆದರೆ ಅದು ಹತ್ತಕ್ಕೆ ಏರುತ್ತದೆ. ಡೆಬಿಯನ್ ಎಂಬ ಮತ್ತೊಂದು ಬಗೆಯಲ್ಲಿ ಮೂರು ವರ್ಷ ಮುಖ್ಯ ತಂಡದ ಆರೈಕೆ, ಆಮೇಲೆ ಎರಡು ವರ್ಷ ಎಲ್‌ಟಿಎಸ್ ತಂಡದ್ದು. ಫೆಡೋರಾದ ಒಂದು ಆವೃತ್ತಿಗೆ ಸುಮಾರು ಹದಿಮೂರು ತಿಂಗಳ ಆಯಸ್ಸು. ಕಲಿಯಲು ಚೆನ್ನ, ಕಂಪನಿಯ ಸರ್ವರ್‌ಗೆ ಬೇಡ.

ಎಂಟರ್‌ಪ್ರೈಸ್ ವ್ಯವಸ್ಥೆಗಳು ನಿಧಾನ, ಎಲ್ಲವೂ ಹಳೆಯದು ಎಂದು ಹುಡುಗರು ಮೂಗು ಮುರಿಯುತ್ತಾರೆ. 2024ರ ಮಾರ್ಚ್‌ನಲ್ಲಿ ನಡೆದದ್ದನ್ನು ಅವರಿಗೆ ನೆನಪಿಸಿ. ಎಕ್ಸ್‌ಝಡ್ ಎಂಬ ಕಂಪ್ರೆಶನ್ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಸೇರಿಸಿದ್ದರು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಪ್ರವೇಶಿಸುವ ದಾರಿ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಅನುಮಾನಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಅಷ್ಟರಲ್ಲಿ ಅದು ಫೆಡೋರಾದ ಪ್ರಯೋಗದ ಆವೃತ್ತಿ, ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳನ್ನು ತಲುಪಿತ್ತು. ರೆಡ್ ಹ್ಯಾಟ್‌ನ ಎಂಟರ್‌ಪ್ರೈಸ್ ಆವೃತ್ತಿಗೂ ಡೆಬಿಯನ್‌ನ ಸ್ಥಿರ ಆವೃತ್ತಿಗೂ ಬಂದಿರಲಿಲ್ಲ.

ಯಾವುದನ್ನು ಆರಿಸುವುದು

ನಿಮ್ಮ ಇಆರ್‌ಪಿಯನ್ನೋ ಡೇಟಾಬೇಸನ್ನೋ ಮಾರಿದವರಿಗೆ ಮೊದಲು ಒಂದು ಮಿಂಚಂಚೆ ಕಳುಹಿಸಿ: 'ಯಾವ ಲಿನಕ್ಸ್‌ನ ಯಾವ ಆವೃತ್ತಿಯ ಮೇಲೆ ನಿಮ್ಮ ತಂತ್ರಾಂಶಕ್ಕೆ ಬೆಂಬಲ ಕೊಡುತ್ತೀರಿ?' ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ 'ಎಲ್ಲದರಲ್ಲೂ ಓಡುತ್ತದೆ ಸಾರ್' ಎಂದವರು ತೊಂದರೆಯಾದ ದಿನ 'ಇದು ನಮ್ಮ ಪಟ್ಟಿಯಲ್ಲಿಲ್ಲ' ಎನ್ನುತ್ತಾರೆ. ಅವರು ರೆಡ್ ಹ್ಯಾಟ್ ಎಂದರೆ ಆ ಕುಟುಂಬಕ್ಕೆ ಹೋಗಿ, ಉಬುಂಟು ಎಂದರೆ ಉಬುಂಟುವಿಗೆ. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಬಳಸುವುದಾದರೆ, ಅದನ್ನು ಹಾಕಿಕೊಡುವವರು ಹೆಚ್ಚಾಗಿ ಉಬುಂಟು ಅಥವಾ ಡೆಬಿಯನ್ ಬಲ್ಲವರು. ಅಲ್ಲಿ ಹಟ ಹಿಡಿದು ಬೇರೆಯದನ್ನು ಹಾಕಿಸಿದರೆ ಕಷ್ಟಪಡುವವರು ನೀವೇ.

ರೆಡ್ ಹ್ಯಾಟ್ ಕುಟುಂಬದಲ್ಲಿ ಮೂರು ದಾರಿಗಳಿವೆ. ಚಂದಾ ಕಟ್ಟಿ ರೆಡ್ ಹ್ಯಾಟನ್ನೇ ಪಡೆಯಬಹುದು. ತಂತ್ರಾಂಶದ ಪರವಾನಗಿಗೆ ಇಲ್ಲಿ ಹಣವಿಲ್ಲ. ಪ್ಯಾಚ್‌ಗಳಿಗೂ ಫೋನ್ ಎತ್ತುವ ಎಂಜಿನಿಯರ್‌ಗೂ ಕೊಡುವ ಹಣ ಅದು. ಸ್ಟ್ಯಾಂಡರ್ಡ್ ಮಟ್ಟದಲ್ಲಿ ಕಚೇರಿ ವೇಳೆಯ ಬೆಂಬಲ, ಪ್ರೀಮಿಯಂನಲ್ಲಿ ಗಂಭೀರ ತೊಂದರೆಗಳಿಗೆ ಹಗಲಿರುಳೂ. ಎರಡನೆಯದು ಅಲ್ಮಾಲಿನಕ್ಸ್, ಮೂರನೆಯದು ರಾಕಿ ಲಿನಕ್ಸ್. ಸೆಂಟ್‌ಓಎಸ್ ಮುಳುಗಿದ ಮೇಲೆ 2021ರಲ್ಲಿ ಹುಟ್ಟಿದ ಇವೆರಡೂ ಉಚಿತ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮೂಲ ಸಂಕೇತವನ್ನು ಸಾರ್ವಜನಿಕವಾಗಿ ಇಡುವ ಕ್ರಮ ಬದಲಿಸಿದಾಗ ಇವೆರಡರ ದಾರಿ ಕವಲೊಡೆಯಿತು. ರಾಕಿ ಈಗಲೂ ಅಕ್ಷರಶಃ ತದ್ರೂಪವಾಗುವ ಗುರಿ ಇಟ್ಟುಕೊಂಡಿದೆ. ರೆಡ್ ಹ್ಯಾಟ್‌ಗೆ ಬರೆದ ತಂತ್ರಾಂಶ ನಮ್ಮಲ್ಲೂ ಓಡುತ್ತದೆ ಎಂಬ ಭರವಸೆಗೆ ಅಲ್ಮಾ ತನ್ನನ್ನು ಸೀಮಿತಗೊಳಿಸಿಕೊಂಡಿದೆ, ದೋಷಗಳನ್ನೂ ಹಾಗೇ ನಕಲು ಮಾಡುವ ಹಂಬಲ ಬಿಟ್ಟಿದೆ. ಮೂವತ್ತು ಜನರ ಕಚೇರಿಗೆ ಈ ವ್ಯತ್ಯಾಸ ತಟ್ಟುವುದೇ ಇಲ್ಲ.

ನನ್ನ ಸಲಹೆ ಹೀಗೆ: ನಿಂತರೆ ಆ ದಿನದ ವ್ಯವಹಾರವೇ ನಿಲ್ಲುವ ಯಂತ್ರ ಯಾವುದೋ ಅದೊಂದಕ್ಕೆ ಚಂದಾ ಕಟ್ಟಿ. ಉಳಿದವುಗಳಿಗೆ ಅಲ್ಮಾ ಅಥವಾ ರಾಕಿ ಹಾಕಿ. ಎರಡೂ ಒಂದೇ ಕುಟುಂಬದವಾದ್ದರಿಂದ ಒಂದನ್ನು ಬಲ್ಲವನಿಗೆ ಇನ್ನೊಂದು ತಿಳಿಯುತ್ತದೆ. ಕೊಳ್ಳುವ ಮುನ್ನ ಕೈಯಾಡಿಸಿ ನೋಡಲು ರೆಡ್ ಹ್ಯಾಟ್ ವ್ಯಕ್ತಿಗಳಿಗೆ ಹದಿನಾರು ಯಂತ್ರಗಳವರೆಗೆ ಉಚಿತ ಡೆವಲಪರ್ ಚಂದಾ ಕೊಡುತ್ತದೆ. ಅದು ವ್ಯಕ್ತಿಗೆ ಸಲ್ಲುವುದು, ಕಂಪನಿಯ ಹೆಸರಿಗಲ್ಲ ಎಂಬುದನ್ನು ಮರೆಯಬೇಡಿ.

ಏನನ್ನು ಮುಟ್ಟಬಾರದು

ಉತ್ಸಾಹದಲ್ಲಿ ಇಡೀ ಕಚೇರಿಯನ್ನೇ ಲಿನಕ್ಸ್‌ಗೆ ತಿರುಗಿಸಲು ಹೊರಡುವವರಿದ್ದಾರೆ. ಲೆಕ್ಕಪತ್ರ ವಿಭಾಗದ ಬಾಗಿಲಲ್ಲೇ ಅವರ ರಥ ನಿಲ್ಲುತ್ತದೆ. ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಕಾದಾಡುವ ಸಮಯವನ್ನು ಬೇರೆ ಯಾವುದಕ್ಕಾದರೂ ಬಳಸಬಹುದು. ಆ ಎರಡು ಮೂರು ಕಂಪ್ಯೂಟರ್‌ಗಳು ವಿಂಡೋಸ್‌ನಲ್ಲೇ ಇರಲಿ, ಟ್ಯಾಲಿಯ ಬ್ಯಾಕಪ್ ಫೈಲ್ ಮಾತ್ರ ಪ್ರತಿ ರಾತ್ರಿ ಲಿನಕ್ಸ್ ಸರ್ವರ್‌ಗೆ ಬರಲಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅವುಗಳ ಆವೃತ್ತಿಯನ್ನೂ ಒಮ್ಮೆ ನೋಡಿಕೊಳ್ಳಿ.

ಕನ್ನಡದ ಹಳೆಯ ಕಡತಗಳದ್ದು ಬೇರೆಯೇ ಕಥೆ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪತ್ರಗಳು, ಕೊಟೇಶನ್‌ಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ; ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಹಾಕಿದರೆ ಕಣ್ಣಿಗೇನೋ ಕನ್ನಡ ಕಾಣಿಸೀತು, ಹುಡುಕಿದರೆ ಸಿಗುವುದಿಲ್ಲ. ಸರ್ವರ್ ಬದಲಿಸುವ ನೆಪದಲ್ಲಿ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಬಿಡಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಮುಂದೆ ಲಿನಕ್ಸ್ ಮೇಜಿನಲ್ಲಿ ಕೂರುವವರಿಗೆ ಕೀಲಿಮಣೆ ಹೊಸದೇನೂ ಅಲ್ಲ. ಅವರಿಗೆ ರೂಢಿಯಾದ ಕಗಪ ವಿನ್ಯಾಸ ಲಿನಕ್ಸ್‌ನ ಬೆರಳಚ್ಚು ಸಾಧನವಾದ ಐಬಸ್‌ನಲ್ಲಿ ಸಿಗುತ್ತದೆ.

ಇನ್ನೊಂದು ಬಲೆ: ವಿಂಡೋಸ್ ಕಂಪ್ಯೂಟರ್‌ಗಳ ಲಾಗಿನ್‌ಗಳನ್ನು ನಿಭಾಯಿಸುವ ಆಕ್ಟಿವ್ ಡೈರೆಕ್ಟರಿ ಡೊಮೇನ್ ಕಂಟ್ರೋಲರ್ ಅನ್ನು ಸಾಂಬಾದಿಂದಲೇ (ವಿಂಡೋಸ್ ಯಂತ್ರಗಳೊಂದಿಗೆ ಫೈಲ್ ಹಂಚುವ ಲಿನಕ್ಸ್ ತಂತ್ರಾಂಶ) ನಡೆಸುವ ಯೋಚನೆ ಇದ್ದರೆ, ರೆಡ್ ಹ್ಯಾಟ್ ಕುಟುಂಬ ಅದಕ್ಕೆ ಒಗ್ಗುವುದಿಲ್ಲ. ಅಲ್ಲಿ ಸಾಂಬಾ ಫೈಲ್ ಹಂಚಿಕೆಗೆ ಮಾತ್ರ. ಆ ಕೆಲಸಕ್ಕೆ ಡೆಬಿಯನ್ ಅಥವಾ ಉಬುಂಟು ಬೇಕು. ಇದು ಮೊದಲೇ ಗೊತ್ತಿಲ್ಲದಿದ್ದರೆ ಅರ್ಧ ದಾರಿಯಲ್ಲಿ ಗೊತ್ತಾಗುತ್ತದೆ.

ಯಂತ್ರ

ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡುವುದು ನಮ್ಮ ರೂಢಿ. ಪ್ರೊಸೆಸರ್ ನೋಡಿಕೊಂಡು ಮಾಡಿ. ರೆಡ್ ಹ್ಯಾಟ್‌ನ 10ನೇ ಆವೃತ್ತಿ ಇಂಟೆಲ್‌ನ 2013ರ ಹ್ಯಾಸ್ವೆಲ್ ತಲೆಮಾರಿನ ಸೂಚನೆಗಳನ್ನು ಕಡ್ಡಾಯವಾಗಿ ಕೇಳುತ್ತದೆ. ಅದಕ್ಕಿಂತ ಹಿಂದಿನ ಯಂತ್ರದಲ್ಲಿ ಏಳುವುದೇ ಇಲ್ಲ. 9ನೆಯದು ಇನ್ನಷ್ಟು ಹಳೆಯವಕ್ಕೂ ಒಪ್ಪುತ್ತದೆ. ಅಲ್ಮಾ ತನ್ನ 10ನೇ ಆವೃತ್ತಿಯಲ್ಲಿ ಹಳೆಯ ಪ್ರೊಸೆಸರ್‌ಗಳಿಗೆಂದೇ ಪ್ರತ್ಯೇಕ ಪ್ರತಿಯನ್ನೂ ಇಟ್ಟಿದೆ. ಹೊಸದು ಕೊಳ್ಳುವುದಾದರೆ ಒಂದೇ ಅಳತೆಯ ಎರಡು ಡಿಸ್ಕ್ ಹಾಕಿಸಿ ಮಿರರ್ ಮಾಡಿಸಿ (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ), ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಕೇಳಿ.

ಯುಪಿಎಸ್ ಇದೆ ಎಂದು ಸಮಾಧಾನಪಟ್ಟರೆ ಸಾಲದು. ಬ್ಯಾಟರಿ ಇಳಿಯುತ್ತಿದೆ ಎಂದು ಯುಪಿಎಸ್ ಸರ್ವರ್‌ಗೆ ತಿಳಿಸಬೇಕು, ಸರ್ವರ್ ತಾನಾಗಿ ಡೇಟಾಬೇಸ್ ನಿಲ್ಲಿಸಿ ಮಲಗಬೇಕು. ನಟ್ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ. ಯುಪಿಎಸ್‌ಗೆ ಯುಎಸ್‌ಬಿ ಕಿಂಡಿ ಇರಲೇಬೇಕು, ಕೊಳ್ಳುವಾಗ ಕೇಳಿ. ಆಯುಧಪೂಜೆಯ ದಿನ ಸರ್ವರ್‌ಗೂ ಕುಂಕುಮ ಹಚ್ಚಿ, ಬೇಡ ಎನ್ನುವವನು ನಾನಲ್ಲ. ಫ್ಯಾನಿನ ಜಾಲರಿಯ ಮೇಲೆ ಮಾತ್ರ ಬೇಡ.

ಅನುಸ್ಥಾಪನೆ

ಅನುಸ್ಥಾಪನೆಯ ಐಎಸ್‌ಒ ಕಡತ ಇಳಿಸಿಕೊಂಡ ಮೇಲೆ, ಅದು ಕೆಟ್ಟಿಲ್ಲ ಎಂದು ತಿಳಿಯಲು ಚೆಕ್‌ಸಮ್ ಹೋಲಿಸಿ. ರೆಡ್ ಹ್ಯಾಟ್ ಕುಟುಂಬದ ಅನುಸ್ಥಾಪಕ ತಾನಾಗಿ 'ಸರ್ವರ್ ವಿತ್ ಜಿಯುಐ' ಆರಿಸಿಕೊಂಡಿರುತ್ತದೆ, ಅದನ್ನು ಬಿಟ್ಟು 'ಸರ್ವರ್' ಅಥವಾ 'ಮಿನಿಮಲ್' ಆರಿಸಿ. ಚಿತ್ರಗಳ ಪರದೆ ಬೇಕೇ ಬೇಕು ಎನ್ನುವವರಿಗೆ ಕಾಕ್‌ಪಿಟ್ ಇದೆ. ಬ್ರೌಸರ್‌ನಲ್ಲಿ 9090 ಪೋರ್ಟ್ ತೆರೆದರೆ ಡಿಸ್ಕ್, ಲಾಗ್, ಅಪ್‌ಡೇಟ್ ಎಲ್ಲ ಕಾಣುತ್ತದೆ. ಅದನ್ನು ಕಚೇರಿಯ ಒಳಜಾಲಕ್ಕೆ ಮಾತ್ರ ತೆರೆದಿಡಿ.

ಡಿಸ್ಕ್ ಹಂಚುವಾಗ ಅವಸರ ಬೇಡ. ವಿಭಾಗಗಳ ಅಳತೆಯನ್ನು ಆಮೇಲೂ ಬದಲಿಸಲು ಬಿಡುವ ಎಲ್‌ವಿಎಂ ಬಳಸಿ, 'ವಾರ್' (/var) ಕೋಶಕ್ಕೆ ಪ್ರತ್ಯೇಕ ವಿಭಾಗ ಕೊಡಿ. ಯಂತ್ರದಲ್ಲಿ ನಡೆದದ್ದನ್ನು ದಾಖಲಿಸುವ ಲಾಗ್‌ಗಳು ಅಲ್ಲಿ ಉಕ್ಕಿದರೂ ಮುಖ್ಯ ವಿಭಾಗ ತುಂಬಿ ಯಂತ್ರ ಉಸಿರುಗಟ್ಟುವುದಿಲ್ಲ. ಈ ಕುಟುಂಬದ ರೂಢಿಯ ಫೈಲ್ ವ್ಯವಸ್ಥೆ ಎಕ್ಸ್‌ಎಫ್‌ಎಸ್. ಅದನ್ನು ಓಡುತ್ತಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ. ಆದ್ದರಿಂದ ಇಡೀ ಡಿಸ್ಕನ್ನು ಮೊದಲ ದಿನವೇ ಹಂಚಿ ಮುಗಿಸದೆ ಕಾಲುಭಾಗವನ್ನಾದರೂ ಖಾಲಿ ಉಳಿಸಿ, ಬೇಕಾದ ಕಡೆಗೆ ಆಮೇಲೆ ಸೇರಿಸುತ್ತಾ ಹೋಗಿ. ಡಿಸ್ಕ್ ಗೂಢಲಿಪಿಯ ಬಗ್ಗೆ ಎರಡು ಸಲ ಯೋಚಿಸಿ. ಕಳ್ಳತನದ ಭಯಕ್ಕೆ ಅದು ಒಳ್ಳೆಯದೇ, ಆದರೆ ಭಾನುವಾರ ರಾತ್ರಿ ಕರೆಂಟ್ ಹೋಗಿ ಬಂದರೆ ಪಾಸ್‌ವರ್ಡ್ ಒತ್ತಲು ಯಾರಾದರೂ ಕಚೇರಿಗೆ ಹೋಗಬೇಕಾಗುತ್ತದೆ.

ರೂಟ್ ಬಳಕೆದಾರ ಪಾಸ್‌ವರ್ಡ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಬರುವುದನ್ನು 9ನೇ ಆವೃತ್ತಿ ತಾನಾಗಿ ತಡೆಯುತ್ತದೆ. ಅನುಸ್ಥಾಪಕದಲ್ಲಿ ಅದನ್ನು ಸಡಿಲಿಸುವ ಒಂದು ಚೌಕ ಇದೆ, ಗುರುತು ಹಾಕಬೇಡಿ. ಪ್ರತಿ ನಿರ್ವಾಹಕನಿಗೂ ತನ್ನದೇ ಹೆಸರಿನ ಖಾತೆ, ತನ್ನದೇ ಕೀಲಿ ಇರಲಿ. ಯಾರು ಏನು ಮಾಡಿದರು ಎಂದು ನಾಳೆ ನೋಡಬೇಕಾದರೆ ಇದು ಬೇಕು.

ಎಸ್‌ಇಲಿನಕ್ಸ್ ಆಫ್ ಮಾಡಬೇಡಿ

ಅಂತರ್ಜಾಲದಲ್ಲಿ ಸಿಗುವ ಸೂಚನೆಗಳಲ್ಲಿ ಅರ್ಧಕ್ಕರ್ಧ 'ಮೊದಲು ಎಸ್‌ಇಲಿನಕ್ಸ್ ಆಫ್ ಮಾಡಿ' ಎಂದೇ ಶುರುವಾಗುತ್ತವೆ. ಅಂಥ ಪುಟವನ್ನು ಅಲ್ಲಿಗೇ ಮುಚ್ಚಿ. ಒಂದು ಸೇವೆಯೊಳಗೆ ಕನ್ನ ಹಾಕಿದವನು ಇನ್ನೊಂದಕ್ಕೆ ಕೈಚಾಚದಂತೆ ತಡೆಯುವ ಗೋಡೆ ಅದು, ಎಂಟರ್‌ಪ್ರೈಸ್ ವ್ಯವಸ್ಥೆ ತೆಗೆದುಕೊಂಡದ್ದರ ಅರ್ಧ ಲಾಭ ಅಲ್ಲೇ ಇದೆ. ಜನ ಅದನ್ನು ಆಫ್ ಮಾಡುವುದಕ್ಕೆ ಕಾರಣವಾಗುವ ಪ್ರಸಂಗ ಸಾಮಾನ್ಯವಾಗಿ ಹೀಗಿರುತ್ತದೆ.

ವಿನ್ಯಾಸ ವಿಭಾಗದ ನಕ್ಷೆಗಳಿಗಾಗಿ ಒಂದು ಸಾಂಬಾ ಹಂಚಿಕೆ ಮಾಡಿದ್ದೀರಿ. ನಿರ್ವಾಹಕ ತನ್ನ ಹೋಮ್ ಕೋಶದಲ್ಲಿದ್ದ ಇಪ್ಪತ್ತು ನಕ್ಷೆಗಳನ್ನು 'ಎಂವಿ' (mv) ಆದೇಶದಿಂದ ಅಲ್ಲಿಗೆ ಸಾಗಿಸುತ್ತಾನೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಹಳೆಯ ನಕ್ಷೆಗಳೆಲ್ಲ ತೆರೆಯುತ್ತವೆ, ಇವತ್ತು ತಂದು ಹಾಕಿದವು ಮಾತ್ರ 'ಅನುಮತಿ ಇಲ್ಲ' ಎನ್ನುತ್ತವೆ. ಫೈಲಿನ ಒಡೆತನ ಸರಿಯಿದೆ. ಅನುಮತಿಯನ್ನು 777 (ಎಲ್ಲರಿಗೂ ಎಲ್ಲ ಅಧಿಕಾರ) ಮಾಡಿದರೂ ಉಪಯೋಗವಿಲ್ಲ. ಈ ಹಂತದಲ್ಲಿ ಎಸ್‌ಇಲಿನಕ್ಸ್ ಆಫ್ ಮಾಡಿದರೆ ಕೆಲಸವಾಗುತ್ತದೆ, ಮತ್ತೆ ಅದನ್ನು ಯಾರೂ ಆನ್ ಮಾಡುವುದಿಲ್ಲ. ಆಗಿದ್ದಿಷ್ಟೇ: ಪ್ರತಿ ಫೈಲಿಗೂ ಒಂದು ಲೇಬಲ್ ಇರುತ್ತದೆ. 'ಎಂವಿ' ಮಾಡಿದಾಗ ಹಳೆಯ ಜಾಗದ ಲೇಬಲ್ ಜೊತೆಗೇ ಬರುತ್ತದೆ, 'ಸಿಪಿ' (cp) ಆದೇಶದಿಂದ ನಕಲು ಮಾಡಿದಾಗ ಹೊಸ ಜಾಗದ್ದು ಅಂಟುತ್ತದೆ. 'ಎಲ್‌ಎಸ್' ಆದೇಶಕ್ಕೆ ದೊಡ್ಡ ಝಡ್ ಸೇರಿಸಿ (ls -Z) ನೋಡಿದರೆ ತೆರೆಯದ ಫೈಲುಗಳ ಮೇಲೆ ಹೋಮ್ ಕೋಶದ ಲೇಬಲ್ ಕಾಣುತ್ತದೆ, ಸಾಂಬಾದ್ದು ಕಾಣುವುದಿಲ್ಲ. ಆ ಹಂಚಿಕೆಯ ಕೋಶಕ್ಕೆ ಯಾವ ಲೇಬಲ್ ಎಂದು 'ಸೆಮ್ಯಾನೇಜ್' ಮೂಲಕ ಒಮ್ಮೆ ನೋಂದಾಯಿಸಿಟ್ಟಿದ್ದರೆ, 'ರಿಸ್ಟೋರ್‌ಕಾನ್' ಎಂಬ ಒಂದೇ ಆದೇಶ ಎಲ್ಲವನ್ನೂ ಸರಿಪಡಿಸುತ್ತದೆ. ಕಾರಣ ತಿಳಿಯದ ಬೇರೆ ತೊಂದರೆಗಳಲ್ಲಿ ಎಸ್‌ಇಲಿನಕ್ಸನ್ನು ಸ್ವಲ್ಪ ಹೊತ್ತು 'ಪರ್ಮಿಸಿವ್' ಸ್ಥಿತಿಗೆ ತಂದು ನೋಡಿ. ಆಗ ಅದು ತಡೆಯುವುದಿಲ್ಲ, ಏನನ್ನು ತಡೆಯುತ್ತಿದ್ದೆ ಎಂದು ಆಡಿಟ್ ಲಾಗ್‌ನಲ್ಲಿ ಬರೆದಿಡುತ್ತದೆ.

ಗಡಿಯಾರ ಮತ್ತು ಲಾಗ್

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ, ಆದರೆ ಇದು ಕಾನೂನಿನ ವಿಷಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕಂಪನಿಗಳಿಗೂ ಅನ್ವಯಿಸುತ್ತದೆ. ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು, ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು, ಯಂತ್ರದ ಗಡಿಯಾರ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದ ಸರ್ವರ್‌ಗಳೊಂದಿಗೆ ಹೊಂದಿರಬೇಕು. ಗಡಿಯಾರದ ಕೆಲಸ ಸುಲಭ. ಗಡಿಯಾರ ಹೊಂದಿಸುವ 'ಕ್ರೋನಿ' ಸೇವೆಯ ಕಡತದಲ್ಲಿ ಮೊದಲೇ ಇರುವ ವಿಳಾಸಗಳ ಜಾಗದಲ್ಲಿ ಇವನ್ನು ಬರೆದು ಸೇವೆಯನ್ನು ಮತ್ತೆ ಶುರುಮಾಡಿದರಾಯಿತು.

ಲಾಗ್‌ಗಳ ವಿಷಯ ಅಷ್ಟು ಸಲೀಸಲ್ಲ. ರೆಡ್ ಹ್ಯಾಟ್ ಕುಟುಂಬದಲ್ಲಿ ಹಳೆಯ ಲಾಗ್‌ಗಳನ್ನು ತೆಗೆದುಹಾಕುವ ಲಾಗ್‌ರೊಟೇಟ್‌ನ ಕಡತವನ್ನು ತೆರೆದು ನೋಡಿ: ವಾರಕ್ಕೊಮ್ಮೆ ಹೊಸ ಕಡತ, ಹಳೆಯವು ನಾಲ್ಕು ಎಂದಿರುತ್ತದೆ. ಅಂದರೆ ಸುಮಾರು ಒಂದು ತಿಂಗಳ ಹಿಂದಿನದೆಲ್ಲ ಅಳಿಸಿಹೋಗಿರುತ್ತದೆ. ಆಡಿಟ್ ಲಾಗ್ ಇನ್ನೂ ಚಿಕ್ಕದು, 8 ಎಂಬಿಯ ಐದು ಕಡತಗಳು ತುಂಬಿದರೆ ಮೊದಲನೆಯದು ಹೋಗುತ್ತದೆ. ಚಟುವಟಿಕೆ ಹೆಚ್ಚಿರುವ ಸರ್ವರ್‌ನಲ್ಲಿ ಅದು ಕೆಲವೇ ದಿನಗಳ ಮಾತು. ಏನನ್ನೂ ಬದಲಿಸದೆ ಬಿಟ್ಟರೆ 180 ದಿನದ ನಿಯಮವನ್ನು ನೀವು ಮೊದಲ ತಿಂಗಳಿನಿಂದಲೇ ಮುರಿಯುತ್ತಿದ್ದೀರಿ. ನಾಲ್ಕನ್ನು 27 ಮಾಡಿ, ಹಳೆಯ ಲಾಗ್‌ಗಳನ್ನು ಒತ್ತಿ ಚಿಕ್ಕದಾಗಿಸುವ (ಕಂಪ್ರೆಸ್) ಆಯ್ಕೆ ಹಾಕಿ. ಕೆಲವು ಸೇವೆಗಳಿಗೆ ತಮ್ಮದೇ ಲಾಗ್‌ರೊಟೇಟ್ ಕಡತ ಇರುತ್ತದೆ, ಅಲ್ಲಿನ ಸಂಖ್ಯೆಯನ್ನೂ ನೋಡಿ. ಆಡಿಟ್ ಕಡತಗಳ ಸಂಖ್ಯೆಯನ್ನೂ ಏರಿಸಿ, ಸಾಧ್ಯವಿದ್ದರೆ ಎಲ್ಲ ಲಾಗ್‌ಗಳ ಒಂದು ಪ್ರತಿ 'ಆರ್‌ಸಿಸ್‌ಲಾಗ್' ಮೂಲಕ ಇನ್ನೊಂದು ಯಂತ್ರಕ್ಕೆ ಹೋಗಲಿ. ಒಳನುಗ್ಗಿದವನು ಮೊದಲು ಅಳಿಸುವುದು ತನ್ನ ಹೆಜ್ಜೆಗುರುತನ್ನೇ.

ಬ್ಯಾಕಪ್

ಮಿರರ್ ಮಾಡಿದ ಡಿಸ್ಕ್ ಬ್ಯಾಕಪ್ ಆಗುವುದಿಲ್ಲ. ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಕಚೇರಿಯ ಹೊರಗೆ ಎಂಬ ಹಳೆಯ ಸೂತ್ರವನ್ನೇ ಹಿಡಿಯಿರಿ. ಬೋರ್ಗ್, ರೆಸ್ಟಿಕ್ ಎರಡೂ ಗೂಢಲಿಪಿಯೊಂದಿಗೆ ಬ್ಯಾಕಪ್ ಮಾಡುತ್ತವೆ, ಬದಲಾದ ಭಾಗವನ್ನಷ್ಟೇ ಕಳುಹಿಸುತ್ತವೆ. ಡೇಟಾಬೇಸ್ ಓಡುತ್ತಿರುವಾಗ ಅದರ ಕಡತಗಳನ್ನು ಹಾಗೇ ನಕಲು ಮಾಡಬೇಡಿ. ಮೊದಲು ಡೇಟಾಬೇಸಿನದೇ ಆದೇಶದಿಂದ ಡಂಪ್ (ಪೂರ್ಣ ಪ್ರತಿ) ತೆಗೆದು ಅದನ್ನು ಬ್ಯಾಕಪ್‌ಗೆ ಸೇರಿಸಿ.

ವಿಂಡೋಸ್ ಕಂಪ್ಯೂಟರ್ ಒಂದಕ್ಕೆ ರಾನ್ಸಮ್‌ವೇರ್ ಬಡಿದರೆ ಅದು ಸಾಂಬಾ ಹಂಚಿಕೆಯಲ್ಲಿ ತನಗೆ ಬರೆಯಲು ಅವಕಾಶವಿರುವ ಎಲ್ಲವನ್ನೂ ಕೆಡಿಸುತ್ತದೆ. ಬ್ಯಾಕಪ್ ಕೂಡ ಅಂಥದೇ ಹಂಚಿಕೆಯಾಗಿ ಜೋಡಿಸಿಟ್ಟಿದ್ದರೆ ಅದೂ ಕೆಡುತ್ತದೆ. ಆದ್ದರಿಂದ ಬ್ಯಾಕಪ್ ಯಂತ್ರವೇ ಬಂದು ಸರ್ವರ್‌ನಿಂದ ಎಳೆದುಕೊಳ್ಳುವಂತೆ ಏರ್ಪಾಡು ಮಾಡಿ, ಸರ್ವರ್‌ಗೆ ಅದರ ಮೇಲೆ ಬರೆಯುವ ಅಧಿಕಾರ ಬೇಡ. ಕಂಪನಿ ಕಾಯಿದೆಯಡಿ ನೋಂದಾಯಿತವಾಗಿದ್ದರೆ, ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು ಎಂದು 2022ರ ಆಗಸ್ಟ್‌ನ ತಿದ್ದುಪಡಿ ಹೇಳುತ್ತದೆ. ಹೊರಗಿನ ಪ್ರತಿಗೆ ಕ್ಲೌಡ್ ಆರಿಸುವಾಗ ಅದರ ಡೇಟಾ ಕೇಂದ್ರ ಎಲ್ಲಿದೆ ಎಂದು ನೋಡಿ.

ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರವೊಂದಕ್ಕೆ ಎಲ್ಲವನ್ನೂ ಮರಳಿ ತಂದು ಇಆರ್‌ಪಿ ಏಳುತ್ತದೆಯೇ ನೋಡಿ, ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಿ. 'ಸರ್ವರ್ ಸುಟ್ಟರೆ ಎಷ್ಟು ಹೊತ್ತಿಗೆ ಕೆಲಸ ಶುರು?' ಎಂದು ಮಾಲೀಕರು ಕೇಳಿದಾಗ ಕೊಡಬಹುದಾದ ಪ್ರಾಮಾಣಿಕ ಉತ್ತರ ಆ ಸಂಖ್ಯೆ ಮಾತ್ರ.

ಅಪ್‌ಡೇಟ್‌ಗಳು

ಭದ್ರತಾ ಪ್ಯಾಚ್‌ಗಳಿಗೆ ವಾರದಲ್ಲಿ ಒಂದು ಸಂಜೆ ಗೊತ್ತುಮಾಡಿ. ರೆಡ್ ಹ್ಯಾಟ್ ಕುಟುಂಬದ ಪ್ಯಾಕೇಜ್ ಸಾಧನವಾದ ಡಿಎನ್‌ಎಫ್‌ನ 'ಡಿಎನ್‌ಎಫ್ ಆಟೋಮ್ಯಾಟಿಕ್' ಅವನ್ನು ತಾನಾಗಿ ಇಳಿಸಿಡಲಿ. ಹಾಕುವುದು ಮನುಷ್ಯನ ಕಣ್ಣೆದುರೇ ನಡೆಯಲಿ, ಮೊದಲು ಪರೀಕ್ಷೆಯ ಯಂತ್ರದಲ್ಲಿ, ಮರುದಿನ ನಿಜವಾದುದರಲ್ಲಿ. ಏನಾದರೂ ಕೆಟ್ಟರೆ 'ಡಿಎನ್‌ಎಫ್ ಹಿಸ್ಟರಿ'ಯಿಂದ ಹಿಂದಿನ ಸ್ಥಿತಿಗೆ ಮರಳಲು ಬಹುಪಾಲು ಸಂದರ್ಭಗಳಲ್ಲಿ ಸಾಧ್ಯ. ವ್ಯವಸ್ಥೆಯ ತಿರುಳಾದ ಕರ್ನೆಲ್ ಬದಲಾದ ಮೇಲೆ ಯಂತ್ರ ಏಳದಿದ್ದರೆ ಗಾಬರಿ ಬೇಡ. ಕೊನೆಯ ಮೂರು ಕರ್ನೆಲ್‌ಗಳನ್ನು ಅದು ಉಳಿಸಿಕೊಂಡಿರುತ್ತದೆ, ಶುರುವಿನ ಪಟ್ಟಿಯಲ್ಲಿ ಹಿಂದಿನದನ್ನು ಆರಿಸಿ.

ಲೆಕ್ಕ ಪರಿಶೋಧಕರೋ ದೊಡ್ಡ ಗ್ರಾಹಕರೋ ಒಂದು ದಿನ ಸ್ಕ್ಯಾನರ್ ಓಡಿಸಿ, 'ನಿಮ್ಮ ಅಪಾಚೆ ಹಳೆಯದು, ಓಪನ್‌ಎಸ್‌ಎಸ್‌ಎಚ್ ಹಳೆಯದು' ಎಂದು ಕೆಂಪು ಗೆರೆ ಎಳೆದ ವರದಿ ಕೊಡುತ್ತಾರೆ. ಹೆದರಿ ಹೊರಗಿನಿಂದ ಹೊಸ ಆವೃತ್ತಿ ತಂದು ಹಾಕಬೇಡಿ. ಎಂಟರ್‌ಪ್ರೈಸ್ ವ್ಯವಸ್ಥೆಗಳು ಆವೃತ್ತಿಯ ಸಂಖ್ಯೆಯನ್ನು ಹಾಗೇ ಇಟ್ಟು, ಹೊಸದರ ಭದ್ರತಾ ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಹೊಲಿಯುತ್ತವೆ. ಸ್ಕ್ಯಾನರ್ ಸಂಖ್ಯೆ ನೋಡುತ್ತದೆ, ಹೊಲಿಗೆ ಅದಕ್ಕೆ ಕಾಣುವುದಿಲ್ಲ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಆಯಾ ಸಿವಿಇ ಸಂಖ್ಯೆ (ಪ್ರತಿ ಭದ್ರತಾ ದೋಷಕ್ಕೆ ಕೊಡುವ ಗುರುತು) ಹುಡುಕಿ, ಆ ಸಾಲನ್ನು ವರದಿಗೆ ಉತ್ತರವಾಗಿ ಕಳುಹಿಸಿದರೆ ಸಾಕು.

ಹತ್ತು ವರ್ಷದ ಭರವಸೆ ಎಲ್ಲ ಪ್ಯಾಕೇಜಿಗೂ ಸಲ್ಲುವುದಿಲ್ಲ ಎಂಬುದನ್ನೂ ಗಮನಿಸಿ. ಕರ್ನೆಲ್‌ನಂಥ ಮೂಲ ಭಾಗಗಳಿಗೆ ಅದು ನಿಜ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಂಥವು ಆ್ಯಪ್‌ಸ್ಟ್ರೀಮ್ ಎಂಬ ಪ್ರತ್ಯೇಕ ಭಂಡಾರದಲ್ಲಿ ಬರುತ್ತವೆ, ಅವುಗಳ ಆಯಸ್ಸು ಬೇರೆ. ಪೋಸ್ಟ್‌ಗ್ರೆಸ್ ಸಮುದಾಯವೇ ಒಂದು ಆವೃತ್ತಿಯನ್ನು ಐದು ವರ್ಷ ನೋಡಿಕೊಳ್ಳುತ್ತದೆ. ಎಪೆಲ್ ಎಂಬ ಹೆಚ್ಚುವರಿ ಭಂಡಾರದ ಪ್ಯಾಕೇಜುಗಳು, ಮೇಲೆ ಹೇಳಿದ ನಟ್ ಕೂಡ, ಸ್ವಯಂಸೇವಕರ ಕೆಲಸ, ರೆಡ್ ಹ್ಯಾಟ್‌ನ ಬೆಂಬಲ ಅವಕ್ಕಿಲ್ಲ. ಬಳಸಿ, ಆದರೆ ಹೊರಗಿನಿಂದ ಸೇರಿಸಿದ ಪ್ರತಿ ಭಂಡಾರದ ಹೆಸರು ಮತ್ತು ಕಾರಣ ಒಂದು ಪುಸ್ತಕದಲ್ಲಿರಲಿ.

ಜನ

ಒಬ್ಬನಿಗೆ ಮಾತ್ರ ಗೊತ್ತಿರುವ ಸರ್ವರ್ ಆ ಒಬ್ಬ ರಾಜೀನಾಮೆ ಕೊಟ್ಟ ದಿನ ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರಿಗಾದರೂ ತಿಳಿದಿರಲಿ, ರೂಟ್ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಮಾಲೀಕರ ಬೀರುವಿನಲ್ಲಿರಲಿ. ಕೆಲಸಕ್ಕೆ ತೆಗೆದುಕೊಳ್ಳುವಾಗ ರೆಡ್ ಹ್ಯಾಟ್ ಕೊಡುವ ಆರ್‌ಎಚ್‌ಸಿಎಸ್‌ಎ ಎಂಬ ನಿರ್ವಾಹಕರ ಪ್ರಮಾಣಪತ್ರಕ್ಕೆ ಸ್ವಲ್ಪ ಬೆಲೆ ಕೊಡಬಹುದು, ಏಕೆಂದರೆ ಅದು ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆಯಲ್ಲ, ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸುವಂಥದ್ದು. ನೀವೂ ಸಂದರ್ಶನದಲ್ಲಿ ಹಾಗೇ ಮಾಡಿ: ತುಂಬಿದ ಡಿಸ್ಕ್ ವಿಭಾಗವೊಂದನ್ನು ಹಿಗ್ಗಿಸಲು ಹೇಳಿ, ಮೇಲಿನ ಸಾಂಬಾ ತೊಂದರೆಯನ್ನು ಮುಂದಿಡಿ. ಎಸ್‌ಇಲಿನಕ್ಸ್ ಆಫ್ ಮಾಡಲು ಹೊರಟವರಿಗೆ ಕಾಫಿ ಕೊಟ್ಟು ಕಳುಹಿಸಿ. ಹೊರಗಿನವರಿಗೆ ವಾರ್ಷಿಕ ನಿರ್ವಹಣೆಗೆ ಕೊಡುವುದಾದರೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ಭಾನುವಾರ ಬರುತ್ತಾರೆಯೇ ಎಂಬುದು ಕರಾರಿನಲ್ಲೇ ಇರಲಿ.

ಬದಲಿಸುವ ದಿನ

ಹಳೆಯ ಸರ್ವರ್ ನಡೆಯುತ್ತಿರುವಾಗಲೇ ಹೊಸದನ್ನು ಪಕ್ಕದಲ್ಲಿ ಎಬ್ಬಿಸಿ. ಎರಡು ಮೂರು ವಾರ ಅದಕ್ಕೆ ಪ್ರತಿ ರಾತ್ರಿ ನಕಲು ಹೋಗುತ್ತಿರಲಿ, ಒಂದಿಬ್ಬರು ನೌಕರರು ಅದರಲ್ಲೇ ಕೆಲಸ ಮಾಡಿ ನೋಡಲಿ. ಬದಲಾವಣೆಗೆ ತಿಂಗಳ ಕೊನೆ ಬೇಡ. ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಗಡುವಿರುವವರು ಆ ಹತ್ತು ದಿನಗಳನ್ನೂ ಬಿಡಿ. ಉಳಿಯುವುದು 20ರ ನಂತರದ ಮೊದಲ ಶನಿವಾರ. ಮಧ್ಯಾಹ್ನ ಎಲ್ಲರೂ ಕೆಲಸ ನಿಲ್ಲಿಸಿದ ಮೇಲೆ ಹಳೆಯದನ್ನು ಓದಲು ಮಾತ್ರ ಎಂದು ಬದಲಿಸಿ, ಕೊನೆಯ ನಕಲು ಮಾಡಿ, ಜಾಲದಲ್ಲಿ ಎಲ್ಲರೂ ಬಳಸುವ ಸರ್ವರ್ ಹೆಸರನ್ನು ಹೊಸದಕ್ಕೆ ತಿರುಗಿಸಿ. ಭಾನುವಾರ ಸಂಜೆ ಇಷ್ಟು ಗಂಟೆಯೊಳಗೆ ಸರಿಯಾಗದಿದ್ದರೆ ಹಳೆಯದಕ್ಕೇ ಮರಳುತ್ತೇವೆ ಎಂದು ಮೊದಲೇ ತೀರ್ಮಾನಿಸಿ, ಆ ಗಂಟೆ ಬಂದಾಗ 'ಇನ್ನೊಂದು ಹತ್ತು ನಿಮಿಷ' ಎನ್ನಬೇಡಿ. ಹಳೆಯ ಯಂತ್ರವನ್ನು ಒಂದು ತಿಂಗಳಾದರೂ ಅಳಿಸದೆ ಇಡಿ.

ಮುಂದಿನ ಆವೃತ್ತಿಗೆ

ಸೆಂಟ್‌ಓಎಸ್ 7ರಲ್ಲೇ ಉಳಿದವರಿಗೆ ಅಲ್ಮಾದ ಎಲಿವೇಟ್ ಯೋಜನೆ ಇದ್ದಲ್ಲಿಂದಲೇ ಹತ್ತಿಸುವ ಏಣಿ ಕೊಡುತ್ತದೆ. ರೆಡ್ ಹ್ಯಾಟ್‌ನಲ್ಲಿ ಅದೇ ಕೆಲಸಕ್ಕೆ ಲೀಪ್ ಇದೆ. ಎರಡೂ ಮೊದಲು ಯಂತ್ರವನ್ನು ಪರೀಕ್ಷಿಸಿ ಅಡ್ಡಿಗಳ ಪಟ್ಟಿ ಕೊಡುತ್ತವೆ. ಆ ಪಟ್ಟಿ ಉದ್ದವಾಗಿದ್ದರೆ, ಅದರಲ್ಲೂ ಹೊರಗಿನ ಭಂಡಾರಗಳಿಂದ ತಂದ ಪ್ಯಾಕೇಜುಗಳೇ ತುಂಬಿದ್ದರೆ, ಏಣಿ ಹತ್ತಬೇಡಿ. ಹೊಸ ಯಂತ್ರದಲ್ಲಿ ಹೊಸದಾಗಿ ಹಾಕಿ ಡೇಟಾ ಸಾಗಿಸುವುದೇ ನನ್ನ ಆಯ್ಕೆ. ಐದಾರು ವರ್ಷಕ್ಕೆ ಡಿಸ್ಕು, ಫ್ಯಾನು, ವಾರಂಟಿ ಹೇಗೂ ಮುಗಿದಿರುತ್ತವೆ. ಇವತ್ತು 9ನೇ ಆವೃತ್ತಿ ಹಾಕಿದವರು 2032ರ ಮೇ ತಿಂಗಳಿಗೆ ಕಾಯದೆ 2030ರ ಬಜೆಟ್‌ನಲ್ಲೇ ಹೊಸ ಯಂತ್ರಕ್ಕೆ ಒಂದು ಸಾಲು ಬರೆಸಿ, ಮರುಸ್ಥಾಪನೆಯ ಅಭ್ಯಾಸಕ್ಕೆ ಬಳಸುತ್ತಿದ್ದ ಖಾಲಿ ಯಂತ್ರದಲ್ಲಿ ಮುಂದಿನ ಆವೃತ್ತಿಯನ್ನು ಹಾಕಿ ಇಆರ್‌ಪಿ ಓಡಿಸಿ ನೋಡಲು ಶುರುಮಾಡಬಹುದು.